ಓದುಗರ ಪ್ರಶ್ನೆ, ನಮ್ಮ ಉತ್ತರ: ಕಮಿನಿತೊ ದೆಲ್ ರೇ

ದಕ್ಷಿಣ ಸ್ಪೇನಿನ ಮಾಲಗ ಪ್ರಾಂತ್ಯದಲ್ಲಿ ಗ್ವಾದಲೋರ್ಸೆ ನದಿ ಸುಣ್ಣಕಲ್ಲಿನ ಬೆಟ್ಟವನ್ನು ಸೀಳಿಕೊಂಡು ಹರಿಯುವ ಗೈತಾನೆಸ್ ಕಮರಿ ಇದೆ. ಅದರ ಕಡಿದಾದ ಗೋಡೆಗೆ ಅಂಟಿಕೊಂಡು ಸಾಗುವ ಕಾಲುದಾರಿಯೇ ಕಮಿನಿತೊ ದೆಲ್ ರೇ. ಒಂದು ಕಾಲಕ್ಕೆ 'ಜಗತ್ತಿನ ಅತ್ಯಂತ ಅಪಾಯಕಾರಿ ಹಾದಿ' ಎಂಬ ಬಿರುದು ಹೊತ್ತಿದ್ದ ಈ ಜಾಗದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಅಂತರ್ಜಾಲದಲ್ಲಿ ನೋಡಿದ ವಿಡಿಯೊದಲ್ಲಿ ಕಾಂಕ್ರೀಟ್ ಉದುರಿಹೋಗಿ ಬರಿಯ ಕಬ್ಬಿಣದ ಕಂಬಿಯ ಮೇಲೆ ಜನ ನಡೆಯುತ್ತಿದ್ದರು. ಪಕ್ಕದಲ್ಲಿ ಹಿಡಿಕೆಯೂ ಇಲ್ಲ. ನಾವು ಹೋದರೆ ನಡೆಯಬೇಕಾದದ್ದು ಅದೇ ದಾರಿಯೇ?

ಅಲ್ಲ. ಆ ವಿಡಿಯೊಗಳಲ್ಲಿ ಇರುವುದು ಹಳೆಯ ದಾರಿ. 1999 ಮತ್ತು 2000ರಲ್ಲಿ ಅಲ್ಲಿ ಬಿದ್ದು ಸಾವುಗಳಾದ ಮೇಲೆ ಸರ್ಕಾರ ಅದನ್ನು ಮುಚ್ಚಿತು. ಬರೀ ಫಲಕ ನೆಟ್ಟು ಸುಮ್ಮನಾಗದೆ, ಎರಡೂ ತುದಿಯಲ್ಲಿ ದಾರಿಯ ಮೊದಲ ತುಂಡುಗಳನ್ನೇ ಒಡೆದುಹಾಕಿತು. ಒಳನುಗ್ಗಿ ಸಿಕ್ಕಿಬಿದ್ದವರಿಗೆ 6,000 ಯೂರೋ ದಂಡ ಎಂಬ ಎಚ್ಚರಿಕೆಯೂ ಇತ್ತು. ಆದರೂ ಹಗ್ಗ, ಕೊಂಡಿ ಹಿಡಿದು ನುಸುಳಿದವರು ತೆಗೆದ ಚಿತ್ರಗಳೇ ಇವತ್ತಿಗೂ ಜಾಲತಾಣಗಳಲ್ಲಿ ಸುತ್ತುತ್ತಿವೆ.

ಈಗಿನ ದಾರಿ ಹೊಚ್ಚ ಹೊಸದು. 2015ರ ಮಾರ್ಚ್ ಕೊನೆಯಲ್ಲಿ ತೆರೆದದ್ದು. ಮರದ ಹಲಗೆಯ ನೆಲ, ಹೊರಬದಿಗೆ ಉದ್ದಕ್ಕೂ ಉಕ್ಕಿನ ಕಂಬ ಮತ್ತು ತಂತಿಯ ಕಟಕಟೆ. ಹಲವೆಡೆ ಕಾಲ ಕೆಳಗೇ ಹಳೆಯ ದಾರಿಯ ಅಸ್ಥಿಪಂಜರ ಕಾಣುತ್ತದೆ. ಅಲ್ಲಿಂದ ಜನ ನಡೆದುಹೋಗುತ್ತಿದ್ದರು ಎಂಬುದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಎತ್ತರ ಮಾತ್ರ ಹಾಗೇ ಉಳಿದಿದೆ: ನದಿಯಿಂದ ಸುಮಾರು 100 ಮೀಟರ್. ಇವತ್ತು ಇಲ್ಲಿಗೆ ಬರುವವರ ದಿನ ಕೆಡುವುದು ಎತ್ತರದಿಂದಲ್ಲ. ಟಿಕೆಟ್, ಬಸ್ಸು, ರೈಲು, ಗಾಳಿ, ಈ ನಾಲ್ಕರ ಲೆಕ್ಕ ತಪ್ಪಿದ್ದರಿಂದ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಅದಕ್ಕೇ ಮೀಸಲು.

ಪ್ರಶ್ನೆ: ಇಂಥ ಜಾಗದಲ್ಲಿ ದಾರಿ ಕಟ್ಟುವ ಹುಚ್ಚು ಯಾರಿಗೆ ಬಂತು? ಅದು ಅಷ್ಟು ಬೇಗ ಯಾಕೆ ಹಾಳಾಯಿತು?

ಹುಚ್ಚಲ್ಲ, ವಿದ್ಯುತ್ತು. ಕಮರಿಯ ಮೇಲ್ಭಾಗದಲ್ಲಿ ಗೈತಾನೆಹೊ ಎಂಬ ಜಾಗ, ಕೆಳಭಾಗದಲ್ಲಿ ಎಲ್ ಚೋರ್ರೊ ಎಂಬ ಊರು. ನಡುವೆ ನದಿ ಕೆಲವೇ ಕಿಲೋಮೀಟರಿನಲ್ಲಿ ಬಹಳ ಇಳಿಯುತ್ತದೆ. ಆ ಇಳಿತವನ್ನು ಬಳಸಲು ಜಲವಿದ್ಯುತ್ ಕಂಪನಿ ಬಂಡೆಯ ಪಕ್ಕದಲ್ಲೇ ಕಾಲುವೆ ತೆಗೆದು, ಸುರಂಗಗಳ ಮೂಲಕ ನೀರು ಸಾಗಿಸಿತು. ಕಾಲುವೆ ನೋಡಿಕೊಳ್ಳುವವರು ಓಡಾಡಲು, ಸಾಮಾನು ಸಾಗಿಸಲು ದಾರಿ ಬೇಕಿತ್ತು. 1901ರಿಂದ 1905ರೊಳಗೆ ಅದನ್ನು ಕಟ್ಟಿದರು. ಮುಂದೆ ಎಂಜಿನಿಯರ್ ರಫಾಯೆಲ್ ಬೆನ್ಹುಮೆಯ ಮೇಲ್ಗಡೆ ದೊಡ್ಡ ಅಣೆಕಟ್ಟು ಕಟ್ಟಿಸಿದರು. 1921ರಲ್ಲಿ ಅದರ ಉದ್ಘಾಟನೆಗೆ ಬಂದ ದೊರೆ 13ನೆಯ ಅಲ್ಫೋನ್ಸೊ ಈ ದಾರಿಯಲ್ಲಿ ನಡೆದರು. 'ರಾಜನ ಪುಟ್ಟ ದಾರಿ' ಎಂಬ ಹೆಸರು ಅಂದಿನಿಂದ ಬಂತು.

ಇನ್ನು ಹಾಳಾದ ಬಗೆ. ಬಂಡೆಗೆ ತೂತು ಕೊರೆದು ಕಬ್ಬಿಣದ ಹಳಿಗಳನ್ನು ಸಿಕ್ಕಿಸಿ, ಕೆಳಗಿನಿಂದ ಓರೆ ಆಸರೆ ಕೊಟ್ಟು, ಮೇಲೆ ತೆಳುವಾದ ಕಾಂಕ್ರೀಟ್ ಹಾಸು ಎರಕ ಹೊಯ್ದಿದ್ದರು. ಅಗಲ ಹೆಚ್ಚೆಂದರೆ ಒಂದು ಮೀಟರ್. ತೆಳು ಕಾಂಕ್ರೀಟಿನಲ್ಲಿ ಬಿರುಕು ಬಿಡುವುದು ಸಹಜ. ಬಿರುಕಿನೊಳಗೆ ಮಳೆನೀರು ಇಳಿದು ಕಬ್ಬಿಣಕ್ಕೆ ತುಕ್ಕು ಹತ್ತಿತು. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದಲೇ ಉಬ್ಬಿ ಸುತ್ತಲ ಕಾಂಕ್ರೀಟನ್ನು ಸಿಡಿಸುತ್ತದೆ. ಒಂದು ಚಕ್ಕೆ ಬಿದ್ದರೆ ಇನ್ನಷ್ಟು ಕಬ್ಬಿಣ ಬಯಲಾಗುತ್ತದೆ, ತುಕ್ಕು ಇನ್ನೂ ಚುರುಕಾಗುತ್ತದೆ. ನಿಗಾ ತಪ್ಪಿದ ಮೇಲೆ ಹಾಸು ಉದುರಿ ಹಳಿಗಳಷ್ಟೇ ಉಳಿದವು. ಮೇಲಿಂದ ಬೀಳುವ ಕಲ್ಲುಗಳು ಉಳಿದದ್ದನ್ನೂ ಒಡೆದವು. ನೋಡಲು ಗಟ್ಟಿಯಾಗಿರುವ ತುಂಡೂ ಕಾಲಿಟ್ಟಾಗ ಕುಸಿಯುತ್ತಿತ್ತು. ಆ ಹಳೆಯ ದಾರಿಯ ನಿಜವಾದ ಅಪಾಯ ಇದೇ. ಕಣ್ಣಿಗೆ ಕಾಣುವ ಕಂಡಿಗಳಲ್ಲ.

ಪ್ರಶ್ನೆ: ಹಾಗಾದರೆ ಹೊಸ ದಾರಿಗೂ ಅದೇ ಗತಿ ಬರುವುದಿಲ್ಲವೇ? ಮರದ ಹಲಗೆ ಅಂದಿರಿ.

ಹಲಗೆ ಭಾರ ಹೊರುವುದು ಒಂದು ಆಸರೆಯಿಂದ ಪಕ್ಕದ ಆಸರೆಯವರೆಗೆ ಮಾತ್ರ. ನಿಜವಾದ ಭಾರವೆಲ್ಲ ಬಂಡೆಯೊಳಗೆ ಆಳಕ್ಕೆ ಕೊರೆದು ಕೂರಿಸಿದ ಉಕ್ಕಿನ ಸರಳುಗಳ ಮೇಲಿದೆ. ಹಲಗೆಗೆ ಎರಡು ಅನುಕೂಲ: ಹಾಳಾದರೆ ಕಣ್ಣಿಗೆ ಕಾಣುತ್ತದೆ, ಒಂದನ್ನೇ ಬಿಚ್ಚಿ ಬದಲಿಸಬಹುದು. ಕಾಂಕ್ರೀಟಿನೊಳಗಿನ ತುಕ್ಕಿನ ಹಾಗೆ ಬಚ್ಚಿಟ್ಟುಕೊಂಡು ಬೆಳೆಯುವ ರೋಗ ಇಲ್ಲಿಲ್ಲ. ಜೊತೆಗೆ ಹಗುರ. ರಸ್ತೆಯೇ ಇಲ್ಲದ ಕಮರಿಗೆ ಸಾಮಾನನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕಿತ್ತು. ಬಂಡೆ ಹತ್ತುವುದರಲ್ಲಿ ಪಳಗಿದ ಕೆಲಸಗಾರರು ಹಗ್ಗದಲ್ಲಿ ನೇತಾಡುತ್ತಲೇ ಜೋಡಿಸಿದರು.

ಹಾಗೆಂದು ಅಪಾಯ ಶೂನ್ಯವಲ್ಲ. ದಾರಿ ಗಟ್ಟಿಯಾದರೂ ಮೇಲಿನ ಬೆಟ್ಟ ತನ್ನಷ್ಟಕ್ಕೆ ಕಲ್ಲು ಉದುರಿಸುತ್ತಲೇ ಇರುತ್ತದೆ. ಪ್ರವೇಶದಲ್ಲಿ ಕೊಡುವ ಹೆಲ್ಮೆಟ್ಟು ಅದಕ್ಕೆ, ನೀವು ಬೀಳುವುದಕ್ಕಲ್ಲ. ಕೊನೆಯ ಗೇಟಿನವರೆಗೂ ಪಟ್ಟಿ ಬಿಗಿದೇ ಇರಲಿ. ಫೋಟೊಗಾಗಿ ಕಳಚುವವರನ್ನು ಸಿಬ್ಬಂದಿ ಗದರಿಸುತ್ತಾರೆ, ಸರಿಯಾಗಿಯೇ ಮಾಡುತ್ತಾರೆ.

ಪ್ರಶ್ನೆ: ನನಗೆ ಎತ್ತರವೆಂದರೆ ಭಯ. ಮನೆಯವರೆಲ್ಲ ಹೋಗೋಣ ಅನ್ನುತ್ತಿದ್ದಾರೆ. ನಡುವೆ ತಡೆಯಲಾಗದಿದ್ದರೆ ಹಿಂದಿರುಗಬಹುದೇ?

ದಾರಿ ಏಕಮುಖ. ಉತ್ತರದ ಅರ್ದಾಲೆಸ್ ಕಡೆಯಿಂದ ಹೊಕ್ಕು ದಕ್ಷಿಣದ ಎಲ್ ಚೋರ್ರೊ ಕಡೆ ಹೊರಬೀಳಬೇಕು. ತೀರಾ ಕಷ್ಟವಾದರೆ ದಾರಿಯಲ್ಲಿರುವ ಸಿಬ್ಬಂದಿಗೆ ಹೇಳಿ. ಆದರೆ ಸುಮ್ಮನೆ ತಿರುಗಿ ನಡೆಯುವ ಹಾಗಿಲ್ಲ. ಆದ್ದರಿಂದ ತೀರ್ಮಾನ ಮಾಡಬೇಕಾದದ್ದು ಟಿಕೆಟ್ ಕೊಳ್ಳುವ ಮೊದಲು. ಅದಕ್ಕೆ ದಾರಿಯ ಸ್ವರೂಪ ತಿಳಿದಿರಲಿ.

ಪ್ರವೇಶದ ಗೇಟಿನಿಂದ ಹೊರಹೋಗುವ ಗೇಟಿನವರೆಗೆ 2.9 ಕಿ.ಮೀ. ಇದರಲ್ಲಿ ಬಂಡೆಗೆ ನೇತುಹಾಕಿದ ಹಲಗೆದಾರಿ ಸುಮಾರು ಅರ್ಧದಷ್ಟು ಮಾತ್ರ. ಮೊದಲು ಗೈತಾನೆಹೊ ಕಮರಿ: ಬಹಳ ಇಕ್ಕಟ್ಟು. ಎದುರಿನ ಗೋಡೆ ಕೈಗೆ ಸಿಗುವಂತಿದ್ದು ನದಿ ಹತ್ತಿರವೇ ಮೊರೆಯುತ್ತದೆ. ಇಕ್ಕಟ್ಟಿನಿಂದಾಗಿ ಎತ್ತರ ಅಷ್ಟು ಕಾಡುವುದಿಲ್ಲ. ನಡುವೆ ಹೊಯೊ ಕಣಿವೆ. ಅಲ್ಲಿ ಮಣ್ಣಿನ ದಾರಿ, ಮರಗಳ ನೆರಳು, ಪಕ್ಕದಲ್ಲಿ ಹಳೆಯ ಕಾಲುವೆ, ಕೂರಲು ಜಾಗ. ಉಸಿರು ಸಮಕ್ಕೆ ಬರುವುದು ಇಲ್ಲಿ. ಕೊನೆಗೆ ಗೈತಾನೆಸ್ ಕಮರಿ: ಇದೇ ಪರೀಕ್ಷೆ. ಕಮರಿ ಒಮ್ಮೆಲೇ ಬಾಯಿ ತೆರೆಯುತ್ತದೆ, ಕಾಲಡಿಯಲ್ಲಿ 100 ಮೀಟರ್ ಬಯಲು. ಗಾಜಿನ ನೆಲದ ಬಾಲ್ಕನಿಯೊಂದು ಇಲ್ಲಿದೆ. ಅದು ಐಚ್ಛಿಕ, ಬಿಟ್ಟು ಮುಂದೆ ಹೋಗಬಹುದು.

ಆದರೆ ತೂಗುಸೇತುವೆಯನ್ನು ಬಿಟ್ಟು ಹೋಗಲಾಗದು. 35 ಮೀಟರ್ ಉದ್ದ, ನದಿಯಿಂದ 105 ಮೀಟರ್ ಎತ್ತರ. ಬಳಸುದಾರಿ ಇಲ್ಲ. ನಡೆದರೆ ಅಲುಗುತ್ತದೆ, ಗಾಳಿ ಇದ್ದರೆ ಇನ್ನೂ. ಭಯವಿರುವವರು ಮುಂದಿನವರು ದಾಟಿ ಸೇತುವೆ ನಿಶ್ಚಲವಾಗುವವರೆಗೆ ಕಾದು, ಒಬ್ಬರ ಹಿಂದೆ ಒಬ್ಬರು, ಹೆಜ್ಜೆ ತಾಳ ಹೊಂದಿಸದೆ ನಡೆಯಬೇಕು. ಹಲವರ ಹೆಜ್ಜೆ ಒಂದೇ ತಾಳಕ್ಕೆ ಬಿದ್ದಾಗ ಅಲುಗಾಟ ಹೆಚ್ಚುತ್ತದೆ. ನೋಟ ಆಚೆ ದಡದ ಒಂದು ಬಿಂದುವಿನ ಮೇಲಿರಲಿ. ಹಲಗೆದಾರಿಯಲ್ಲಿ ಬಂಡೆ ಬದಿಯಲ್ಲೇ ನಡೆಯಿರಿ. ಹಿಂದಿನವರು ಆತುರ ಮಾಡಿದರೆ ಅವರನ್ನು ಮುಂದಕ್ಕೆ ಬಿಡಿ. ಎತ್ತರಕ್ಕೆ ಸ್ವಲ್ಪ ಅಳುಕುವವರು ಬಹುಪಾಲು ದಾಟಿಬಿಡುತ್ತಾರೆ. ಮೂರನೆಯ ಮಹಡಿಯ ಬಾಲ್ಕನಿಯಲ್ಲೇ ತಲೆ ತಿರುಗಿ ಕುಸಿಯುವವರನ್ನು ಮಾತ್ರ ಒತ್ತಾಯದಿಂದ ಕರೆದೊಯ್ಯಬೇಡಿ. ಅವರು ಎಲ್ ಚೋರ್ರೊದಲ್ಲಿ ಕಾಫಿ ಕುಡಿಯುತ್ತಾ ಕಾಯಲಿ.

ಪ್ರಶ್ನೆ: ನಮ್ಮ ದಿನಾಂಕಕ್ಕೆ ಟಿಕೆಟ್ ಮುಗಿದಿದೆ ಎಂದು ತೋರಿಸುತ್ತಿದೆ. ಸ್ಥಳದಲ್ಲೇ ಸಿಗುತ್ತದೆಯೇ?

ಸ್ಥಳದಲ್ಲಿ ಸಿಕ್ಕೀತೆಂದು ಹೊರಡುವುದು ಜೂಜು. ಪ್ರತಿ ಸಮಯಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಮತ್ತು ಟಿಕೆಟ್ ಆನ್‌ಲೈನಿನಲ್ಲಿ ತಿಂಗಳುಗಳ ಮೊದಲೇ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ವಸಂತದ ವಾರಾಂತ್ಯಗಳು ಮೊದಲು ಖಾಲಿಯಾಗುತ್ತವೆ. ಇತ್ತೀಚಿನ ದರ ಸಾಮಾನ್ಯ ಪ್ರವೇಶಕ್ಕೆ 10 ಯೂರೋ, ಗೈಡ್ ಸಹಿತ 18 ಯೂರೋ.

ನಿಮಗೆ ಉಳಿದಿರುವ ಬಾಗಿಲು ಗೈಡ್ ಸಹಿತ ಟಿಕೆಟ್. 10 ಯೂರೋದ್ದು ಮುಗಿದ ಮೇಲೂ ಇದು ಎಷ್ಟೋ ಸಲ ಉಳಿದಿರುತ್ತದೆ. ವಾರದ ನಡುವಿನ ದಿನಗಳನ್ನು, ಬೆಳಗಿನ ಮೊದಲ ಮತ್ತು ಮಧ್ಯಾಹ್ನದ ಕೊನೆಯ ಸಮಯಗಳನ್ನು ನೋಡಿ. ಸೋಮವಾರ ರಜೆ. ಅದನ್ನು ಗಮನಿಸದೆ ಮಾಲಗದಲ್ಲಿ ಭಾನುವಾರ, ಸೋಮವಾರ ಎರಡೇ ದಿನ ಇಟ್ಟುಕೊಂಡು ಪ್ರವಾಸ ಯೋಜಿಸುವವರು ಬಹಳ. ಡಿಸೆಂಬರ್ 24, 25, 31 ಮತ್ತು ಜನವರಿ 1ರಂದೂ ಮುಚ್ಚಿರುತ್ತದೆ. ಇನ್ನು ಪ್ರವಾಸ ಸಂಸ್ಥೆಗಳು ಮಾಲಗದಿಂದ ಬಸ್ಸು ಸೇರಿಸಿ ಮಾರುವ ಟಿಕೆಟ್ ದುಬಾರಿ. ಆದರೆ ಕಾರಿಲ್ಲದವರಿಗೆ, ಕೊನೆಗಳಿಗೆಯಲ್ಲಿ ಎಚ್ಚೆತ್ತವರಿಗೆ ಅದು ಕೆಟ್ಟ ಆಯ್ಕೆಯೇನಲ್ಲ.

ಪ್ರಶ್ನೆ: ಮಾಲಗದಿಂದ ರೈಲಿನಲ್ಲಿ ಹೋಗುವುದಾದರೆ ಎಷ್ಟು ಗಂಟೆಯ ಟಿಕೆಟ್ ತೆಗೆದುಕೊಳ್ಳಬೇಕು? ಕಾರಾದರೆ ಎಲ್ಲಿ ನಿಲ್ಲಿಸಬೇಕು?

ಹೆಚ್ಚು ಜನ ಎಡವುವ ಜಾಗ ಇದು. ರೈಲು ಇಳಿಸುವುದು ದಾರಿ ಮುಗಿಯುವ ಕಡೆ, ಶುರುವಾಗುವ ಕಡೆಯಲ್ಲ. ಮಾಲಗದ ಮರಿಯ ಸಾಂಬ್ರಾನೊ ನಿಲ್ದಾಣದಿಂದ ಎಲ್ ಚೋರ್ರೊಗೆ ಮುಕ್ಕಾಲು ಗಂಟೆಯ ಪ್ರಯಾಣ. ಅಲ್ಲಿಂದ ಉತ್ತರ ತುದಿಗೆ ಹೋಗಲು ಬೆಟ್ಟ ಸುತ್ತಿ ಹೋಗುವ ಬಸ್ಸು ಹಿಡಿಯಬೇಕು.

ರೈಲು ನಿಂತ ಗಳಿಗೆಯಿಂದ ಲೆಕ್ಕ ಹಾಕಿ: ಬಸ್ಸಿಗೆ ಕಾಯುವುದು 30 ನಿಮಿಷದವರೆಗೆ, ಬಸ್ ಪ್ರಯಾಣ 20 ನಿಮಿಷ, ಇಳಿದಲ್ಲಿಂದ ಪ್ರವೇಶದ ಗೇಟಿಗೆ ನಡಿಗೆ 30 ನಿಮಿಷ, ಮೇಲೆ 10 ನಿಮಿಷದ ಅವಕಾಶ. ಒಟ್ಟು 90 ನಿಮಿಷ. ಟಿಕೆಟಿನಲ್ಲಿರುವ ಸಮಯ ಗೇಟಿನಲ್ಲಿರಬೇಕಾದ ಸಮಯವೇ ಹೊರತು ಬಸ್ಸು ಇಳಿಯುವ ಸಮಯವಲ್ಲ. ನಡಿಗೆಗೆ ಎರಡು ಆಯ್ಕೆ ಇವೆ: ಸಣ್ಣ ಸುರಂಗದ ಮೂಲಕ ಹೋಗುವ 1.5 ಕಿ.ಮೀ. ದಾರಿ, ಇನ್ನೊಂದು ನದಿಯ ಕಡೆಯಿಂದ ಬಳಸಿ ಬರುವ 2.7 ಕಿ.ಮೀ. ದಾರಿ. ಎರಡನೆಯದಕ್ಕೆ ಒಂದು ಗಂಟೆ ಬೇಕು. ತಡವಾಗಿದ್ದರೆ ಸುರಂಗದ ದಾರಿಯನ್ನೇ ಹಿಡಿಯಿರಿ.

ದಿನಕ್ಕೆ ರೈಲುಗಳು ಕೆಲವೇ ಕೆಲವು. ಆದ್ದರಿಂದ ಕ್ರಮ ತಿರುವುಮುರುವಾಗಲಿ: ಮೊದಲು ವಾಪಸು ರೈಲು ಆರಿಸಿ, ಅದರಿಂದ ನಾಲ್ಕೂವರೆ ಗಂಟೆ ಹಿಂದಕ್ಕೆ ಎಣಿಸಿ ಪ್ರವೇಶದ ಸಮಯ ಗೊತ್ತುಮಾಡಿ, ಆಮೇಲೆ ಟಿಕೆಟ್ ಕೊಳ್ಳಿ. ಅಷ್ಟು ಸಮಯ ಯಾಕೆ? ಗೇಟಿನಿಂದ ಗೇಟಿಗೆ ಎರಡರಿಂದ ಎರಡೂವರೆ ಗಂಟೆ, ಹೊರಬಂದ ಮೇಲೆ ನಿಲ್ದಾಣಕ್ಕೆ 2.1 ಕಿ.ಮೀ. ನಡಿಗೆ, ಉಳಿದದ್ದು ಊಟಕ್ಕೆ ಮತ್ತು ತೂಗುಸೇತುವೆಯ ಮುಂದೆ ಜನ ಜಮಾಯಿಸಿದರೆ ಕಾಯುವುದಕ್ಕೆ.

ಕಾರಿನವರಿಗೆ ನಮ್ಮ ಸಲಹೆ ಒಂದೇ: ದಕ್ಷಿಣದ ಎಲ್ ಚೋರ್ರೊದಲ್ಲೇ ನಿಲ್ಲಿಸಿ, ಬೆಳಿಗ್ಗೆಯೇ ಬಸ್ಸಿನಲ್ಲಿ ಉತ್ತರಕ್ಕೆ ಹೋಗಿ. ನಡೆದು ಮುಗಿಸಿದಾಗ ಕಾರು ಎದುರಿಗಿರುತ್ತದೆ. ಉತ್ತರದಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ಆರಾಮ, ಆದರೆ ಸಂಜೆ ದಣಿದ ಕಾಲಿನಲ್ಲಿ ನಿಮ್ಮಂತೆಯೇ ಹೊರಬಂದ ನೂರಾರು ಜನರ ಜೊತೆ ಬಸ್ಸಿನ ಸಾಲಿನಲ್ಲಿ ನಿಲ್ಲಬೇಕಾದೀತು. ಬಸ್ಸಿನ ದರ ಎರಡೂವರೆ ಯೂರೋ ಆಸುಪಾಸು, ಚಿಲ್ಲರೆ ಇಟ್ಟುಕೊಳ್ಳಿ.

ಪ್ರಶ್ನೆ: ಮಗಳಿಗೆ ಏಳು ವರ್ಷ, ಬೆಟ್ಟ ಹತ್ತುವುದು ಚೆನ್ನಾಗಿ ರೂಢಿಯಿದೆ. ಬಿಡುತ್ತಾರೆಯೇ?

ಇಲ್ಲ. ಎಂಟು ತುಂಬಿರಲೇಬೇಕು, ರೂಢಿ, ಎತ್ತರ, ಧೈರ್ಯ ಯಾವುದೂ ಲೆಕ್ಕಕ್ಕಿಲ್ಲ. ಎಂಟರ ಆಸುಪಾಸಿನ ಮಕ್ಕಳಿದ್ದರೆ ವಯಸ್ಸು ತೋರಿಸಲು ಪಾಸ್‌ಪೋರ್ಟ್ ಜೊತೆಗಿರಲಿ. ಎತ್ತಿಕೊಂಡು ಹೋಗುತ್ತೇವೆ ಎಂಬ ವಾದವೂ ನಡೆಯದು.

ಪ್ರಶ್ನೆ: ಅಮ್ಮನಿಗೆ 68. ದಿನಾ ವಾಕಿಂಗ್ ಮಾಡುತ್ತಾರೆ, ಮೊಣಕಾಲು ಸ್ವಲ್ಪ ನೋವು. ಆಗುತ್ತದೆಯೇ?

ವಯಸ್ಸಿಗೆ ಮೇಲ್ಮಿತಿ ಇಲ್ಲ. ಸುರಂಗದ ದಾರಿ ಹಿಡಿದರೆ ಒಟ್ಟು ನಡಿಗೆ 6.5 ಕಿ.ಮೀ., ಬಳಸುದಾರಿಯಾದರೆ 7.7. ಉತ್ತರದಿಂದ ದಕ್ಷಿಣಕ್ಕೆ ಒಟ್ಟಾರೆ ಇಳಿಜಾರು, ಹಾಗಾಗಿ ಎದೆಗೆ ಅಷ್ಟು ಕಷ್ಟವಿಲ್ಲ. ಮೊಣಕಾಲಿಗೆ ಇಳಿಜಾರೇ ಕಷ್ಟ ಎಂಬುದು ಗೊತ್ತಿರುವ ಮಾತು. ಮೆಟ್ಟಿಲುಗಳ ಮುಖ್ಯ ಕಂತು ತೂಗುಸೇತುವೆ ದಾಟಿದ ಮೇಲೆ ಬರುತ್ತದೆ, ಅಂದರೆ ಕಾಲು ಆಗಲೇ ದಣಿದಿರುವಾಗ. ಶಕ್ತಿಯನ್ನು ಅದಕ್ಕಾಗಿ ಉಳಿಸಿಕೊಳ್ಳಲಿ. ಹೊಯೊ ಕಣಿವೆಯಲ್ಲಿ ಹತ್ತು ನಿಮಿಷ ಕೂರಲಿ. ದಿನಾ ನಾಲ್ಕೈದು ಕಿಲೋಮೀಟರ್ ನಡೆದೂ ಮರುದಿನ ನೋವು ಹೆಚ್ಚದವರಾದರೆ ಧಾರಾಳವಾಗಿ ಹೋಗಬಹುದು. ಗಾಲಿಕುರ್ಚಿಗೆ ದಾರಿಯಲ್ಲಿ ಅವಕಾಶವಿಲ್ಲ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಮಳೆ ಬಂದರೆ ಟಿಕೆಟ್ ಹಣ ಹೋಯಿತೇ?

ಮಾರ್ಚ್ ಕೊನೆಯಿಂದ ಮೇ, ಮತ್ತೆ ಅಕ್ಟೋಬರ್, ನವೆಂಬರ್. ಜುಲೈ, ಆಗಸ್ಟ್‌ನಲ್ಲಿ ಮಾಲಗದ ಒಳನಾಡು 35 ಡಿಗ್ರಿ ದಾಟುವುದು ಮಾಮೂಲು. ಕಮರಿಯ ಒಳಗೆ ನೆರಳಿದ್ದರೂ ಗೇಟಿನಿಂದ ಎಲ್ ಚೋರ್ರೊವರೆಗಿನ 2.1 ಕಿ.ಮೀ. ಬಟಾಬಯಲು. ಆ ತಿಂಗಳುಗಳಲ್ಲೇ ಹೋಗಬೇಕಾದರೆ ಬೆಳಗಿನ ಮೊದಲ ಸಮಯ ಹಿಡಿಯಿರಿ.

ಮಳೆಗಿಂತ ಗಾಳಿ ಹೆಚ್ಚು ಸಲ ಬಾಗಿಲು ಮುಚ್ಚಿಸುತ್ತದೆ. ಇಕ್ಕಟ್ಟಾದ ಕಮರಿಯಲ್ಲಿ ಗಾಳಿ ಒತ್ತಡಕ್ಕೆ ಸಿಕ್ಕು ವೇಗ ಪಡೆಯುತ್ತದೆ. ಮಾಲಗದ ಕಡಲತೀರದಲ್ಲಿ ಎಲೆ ಅಲ್ಲಾಡದ ದಿನವೂ ತೂಗುಸೇತುವೆಯ ಮೇಲೆ ನಿಲ್ಲಲಾಗದಂತೆ ಬೀಸಬಹುದು. 'ಬಿಸಿಲಿದೆಯಲ್ಲ, ಯಾಕೆ ಮುಚ್ಚಿದರು' ಎಂಬ ಗೊಣಗಾಟ ಹುಟ್ಟುವುದು ಹೀಗೆ. ಗಟ್ಟಿ ಮಳೆಯ ಮರುದಿನವೂ ಮುಚ್ಚಿರಬಹುದು, ನೆನೆದ ಬಂಡೆಯಿಂದ ಕಲ್ಲು ಸಡಿಲುವುದರಿಂದ. ಆಡಳಿತವೇ ಮುಚ್ಚಿದರೆ ಹಣ ವಾಪಸಿಗೆ ಅಥವಾ ಬೇರೆ ದಿನಾಂಕಕ್ಕೆ ಅವಕಾಶವಿದೆ. ನೀವು ತಡವಾಗಿ ಬಂದರೆ ಇಲ್ಲ. ಸೂಚನೆ ಮಿಂಚಂಚೆಗೆ ಬರುವುದರಿಂದ ಬುಕಿಂಗ್ ವೇಳೆ ಪ್ರವಾಸದಲ್ಲೂ ನೋಡುವ ವಿಳಾಸವನ್ನೇ ಕೊಡಿ. ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳದಿರುವುದು ಇನ್ನೂ ಮುಖ್ಯ. ಮುಚ್ಚಿದರೆ ಮುಂದೂಡಲು ಒಂದು ದಿನವಾದರೂ ಕೈಯಲ್ಲಿರಬೇಕು.

ಪ್ರಶ್ನೆ: ಕ್ಯಾಮೆರಾ, ಚೀಲ, ಊಟ, ಏನೆಲ್ಲ ಒಯ್ಯಬಹುದು?

ಬೆನ್ನಿಗೆ ಅಂಟಿ ಕೂರುವ ಸಣ್ಣ ಚೀಲ ಸಾಕು. ದೊಡ್ಡ ಬ್ಯಾಗಿದ್ದವರನ್ನು ಗೇಟಿನಲ್ಲೇ ತಡೆಯುತ್ತಾರೆ. ವಿಮಾನದಿಂದ ಇಳಿದು ಸೂಟ್‌ಕೇಸ್ ಸಮೇತ ಬರುವ ಯೋಚನೆ ಬೇಡ. ಸೆಲ್ಫಿ ಕಡ್ಡಿ, ಕೊಡೆ, ಸಾಕುಪ್ರಾಣಿ ನಿಷಿದ್ಧ. ಚಪ್ಪಲಿ, ಹಿಮ್ಮಡಿ ಎತ್ತರದ ಪಾದರಕ್ಷೆ ನಡೆಯದು. ಹಿಡಿತವಿರುವ ಅಟ್ಟೆಯ ಶೂ ಬೇಕು.

ನೀರು ಒಬ್ಬರಿಗೆ ಒಂದೂವರೆ ಲೀಟರ್. ಎರಡು ಗೇಟುಗಳ ನಡುವೆ ಅಂಗಡಿಯೂ ಇಲ್ಲ, ಶೌಚಾಲಯವೂ ಇಲ್ಲ. ಹಾಗಾಗಿ ಹೊರಡುವ ಮೊದಲೇ ಆ ಕೆಲಸ ಮುಗಿಸಿ. ಫೋನಿಗೆ ಕೊರಳದಾರ ಕಟ್ಟಿ. ಕಟಕಟೆಯಾಚೆ ಕೈ ಚಾಚಿ ಚಿತ್ರ ತೆಗೆಯಲು ಹೋದ ಫೋನು ನದಿಪಾಲು. ಮೊದಲ ಕಮರಿಯಲ್ಲಿ ಬೆಳಕು ಕಡಿಮೆ, ಮೇಲೆ ಆಕಾಶ ಹೊಳೆಯುವುದರಿಂದ ಬಂಡೆ ಕಪ್ಪಾಗಿ ಬರುತ್ತದೆ. ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು ತೆಗೆಯಿರಿ. ರಣಹದ್ದುಗಳನ್ನು ನೋಡಬೇಕಿದ್ದರೆ ಬಿಸಿಲೇರಿದ ಮೇಲೆ ಕೊನೆಯ ಕಮರಿಯಲ್ಲಿ ತಲೆ ಎತ್ತಿ. ಬಂಡೆ ಕಾದು ಗಾಳಿ ಮೇಲೇರುವಾಗ ಅವು ರೆಕ್ಕೆ ಬಡಿಯದೆ ಸುತ್ತುತ್ತವೆ. ಅಲ್ಲೇ ಗೋಡೆಯಲ್ಲಿ ಅಮೊನೈಟ್ ಎಂಬ ಪುರಾತನ ಕಡಲಜೀವಿಯ ಸುರುಳಿಯಾಕಾರದ ಪಳೆಯುಳಿಕೆಯೂ ಇದೆ. ಈ ಸುಣ್ಣಕಲ್ಲು ಒಮ್ಮೆ ಕಡಲತಳವಾಗಿತ್ತು.

ಪ್ರಶ್ನೆ: ಹಳೆಯ ದಾರಿಯಲ್ಲೇ ಹಗ್ಗ ಕಟ್ಟಿಕೊಂಡು ಹೋಗಲು ಪರವಾನಗಿ ಸಿಗುವುದಿಲ್ಲವೇ?

ಪ್ರವಾಸಿಗರಿಗೆ ಇಲ್ಲ. ಬಂಡೆ ಹತ್ತುವ ಆಸೆಯೇ ಆಗಿದ್ದರೆ ಎಲ್ ಚೋರ್ರೊ ಯುರೋಪಿನ ಹೆಸರಾಂತ ಹತ್ತುತಾಣ. ಕಮರಿಯ ಹೊರಗಿನ ಗೋಡೆಗಳಲ್ಲಿ ಬೋಲ್ಟ್ ಹಾಕಿದ ಮಾರ್ಗಗಳು ಬೇಕಾದಷ್ಟಿವೆ. ಸ್ಥಳೀಯ ಮಾರ್ಗದರ್ಶಿ ಜೊತೆ ಹೋಗಿ.

ಪ್ರಶ್ನೆ: ನಡಿಗೆ ಮುಗಿದ ಮೇಲೆ ಅರ್ಧ ದಿನ ಉಳಿದರೆ?

ಕಾರಿದ್ದರೆ ಉತ್ತರದ ಜಲಾಶಯಗಳ ಕಡೆ ಹೋಗಿ. ಅಣೆಕಟ್ಟಿನ ಪಕ್ಕದಲ್ಲಿ 1921ರಲ್ಲಿ ದೊರೆ ಕುಳಿತು ಕಾಮಗಾರಿಯ ಪತ್ರಕ್ಕೆ ಸಹಿ ಹಾಕಿದ ಕಲ್ಲಿನ ಕುರ್ಚಿ, ಮೇಜು ಇವೆ. ಬೇಸಿಗೆಯಲ್ಲಿ ಈಜಲು ಜನ ಸೇರುವುದು ಆ ಜಲಾಶಯದ ದಂಡೆಯಲ್ಲೇ. ರೈಲಿನವರು ಆಸೆ ಬಿಟ್ಟು ನಿಲ್ದಾಣದ ಹತ್ತಿರವೇ ಇರಿ. ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು.